ಬೆಂಚು ಬಿಟ್ಟು ನೆಲದ ಮೇಲೆ ಮಲಗುತ್ತಿದ್ದ ಗಾರ್ಡ್: ನನ್ನ ಬೆನ್ನು ಮತ್ತು ಸ್ಟೀವ್ ನ್ಯಾಶ್

ಸ್ಟೀವ್ ನ್ಯಾಶ್ ಎನ್‌ಬಿಎಯಲ್ಲಿ (ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್) 18 ಸೀಸನ್ ಆಡಿದ. ಎರಡು ಸಲ ಲೀಗಿನ ಅತ್ಯುತ್ತಮ ಆಟಗಾರ, ಅಂದರೆ ಎಂವಿಪಿ ಆದ. 10,335 ಅಸಿಸ್ಟ್, ಅಂದರೆ ಜೊತೆಯವರು ಪಾಯಿಂಟು ಗಳಿಸುವಂತೆ ಮಾಡುವ ಪಾಸು, ಕೊಟ್ಟ. ಇದರಲ್ಲಿ ಬಹುಪಾಲನ್ನು ಅವನು ಮಾಡಿದ್ದು ನೆಟ್ಟಗಿಲ್ಲದ ಬೆನ್ನು ಇಟ್ಟುಕೊಂಡು. ಅವನ ತೊಂದರೆಯ ಹೆಸರು ಸ್ಪಾಂಡಿಲೋಲಿಸ್ತೆಸಿಸ್, ಅಂದರೆ ಬೆನ್ನುಮೂಳೆ ಜಾರುವುದು. ನನಗೂ ಅದೇ ಇದೆ. ಇದು ನಾನು ಮತ್ತೆ ಕೋರ್ಟಿಗೆ ಇಳಿದ ಕತೆ. ಅವನ ಕತೆ ಬಿಟ್ಟು ಇದನ್ನು ಹೇಳೋಕೆ ನನಗೆ ಬರುವುದಿಲ್ಲ. (ಏಕವಚನ ಬಳಸುತ್ತಿದ್ದೇನೆ. ನೆಚ್ಚಿನ ಆಟಗಾರರನ್ನು ನಾವು ಹಾಗೇ ಅಲ್ವಾ ಕರೆಯೋದು?)

ನಾನಿರುವುದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ. ಮೈಸೂರಿನಲ್ಲಿ ಓದುವಾಗ ಕಾಲೇಜು ತಂಡದ ಪಾಯಿಂಟ್ ಗಾರ್ಡ್ (ಚೆಂಡು ನಡೆಸಿ ಆಟ ಕಟ್ಟುವವನು) ಆಗಿದ್ದೆ. ಇಲ್ಲಿಗೆ ಬಂದ ಮೇಲೂ ಶನಿವಾರದ ಆಟ ಬಿಟ್ಟಿರಲಿಲ್ಲ. ನಲವತ್ತು ಹತ್ತಿರ ಬಂದಾಗ ಸೊಂಟದ ಕೆಳಗೆ ಒಂದು ಬಿಗಿತ ಶುರುವಾಯಿತು. ಆಮೇಲೆ ಎಡಗಾಲಿನ ಹಿಂಭಾಗಕ್ಕೆ ನೋವು ಇಳಿಯತೊಡಗಿತು. ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸಬೇಕಾದರೂ ಮಂಚದ ಅಂಚು ಹಿಡಿದುಕೊಳ್ಳಬೇಕಾಗುತ್ತಿತ್ತು.

ಎಕ್ಸ್‌ರೇ ಆಯಿತು, ಎಂಆರ್‌ಐ ಆಯಿತು. ಬೆನ್ನುಮೂಳೆಯ ಕೆಳತುದಿಯಲ್ಲಿ ಒಂದು ಮೂಳೆ ತನ್ನ ಕೆಳಗಿನ ಮೂಳೆಯ ಮೇಲಿಂದ ಸ್ವಲ್ಪ ಮುಂದಕ್ಕೆ ಜಾರಿತ್ತು. ಒಂದರ ಮೇಲೊಂದು ಪೇರಿಸಿದ ಇಡ್ಲಿ ತಟ್ಟೆಗಳಲ್ಲಿ ಒಂದು ಮುಂದಕ್ಕೆ ಸರಿದ ಹಾಗೆ. ಸೊಂಟದ ಐದನೇ ಮೂಳೆ, ಅಂದರೆ ಎಲ್5. ಈ ತೊಂದರೆ ಜಾಸ್ತಿ ಕಾಣಿಸಿಕೊಳ್ಳುವುದು ಅಲ್ಲೇ ಅಂತೆ. ಮೂಳೆಯ ಹಿಂದಿನ ಒಂದು ಸಣ್ಣ ಕೊಂಡಿಯಲ್ಲಿ ಬಿರುಕಿತ್ತು. ಹದಿಹರೆಯದಲ್ಲಿ ಜಿಗಿದು ಬಾಗಿ ಆಡುವವರಿಗೆ ಇಂಥ ಬಿರುಕು ಬೀಳುವುದುಂಟು, ಎಷ್ಟೋ ವರ್ಷ ಸುಮ್ನೆ ಇದ್ದು ಆಮೇಲೆ ಕಾಟ ಕೊಡುವುದೂ ಉಂಟು ಎಂದರು ಡಾಕ್ಟರು. ಜಾರಿದ ಪ್ರಮಾಣ ಕಾಲು ಭಾಗಕ್ಕಿಂತ ಕಡಿಮೆಯಿದ್ದರೆ ಅದು ಗ್ರೇಡ್ 1. ನನ್ನದು ಅದೇ. ಆಪರೇಷನ್ ಬೇಡ, ಫಿಸಿಯೋಥೆರಪಿ ಮಾಡಿ ಎಂದು ಬರೆದುಕೊಟ್ಟರು. ಹೊರಡುವಾಗ, "ಆಟ ಬಿಟ್ಟುಬಿಡಿ, ಈ ವಯಸ್ಸಲ್ಲಿ ಯಾಕೆ ಬೇಕು?" ಎಂದೂ ಸೇರಿಸಿದರು. ಆ ಮಾತು ಮೂಳೆ ಜಾರಿದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿತು.

ಫಿಸಿಯೋ ಮಾತ್ರ ಬೇರೆ ತರಹದವರು. ಕಾಲೇಜಿನಲ್ಲಿ ವಾಲಿಬಾಲ್ ಆಡಿದ ಹೆಂಗಸು. ವರದಿ ಓದಿ ಮುಗಿಸಿ ಕೇಳಿದ ಮೊದಲ ಪ್ರಶ್ನೆ, "ಯಾವ ಪೊಸಿಷನ್ ಆಡ್ತೀರಿ?" ಪಾಯಿಂಟ್ ಗಾರ್ಡ್ ಎಂದೆ. "ಹಾಗಾದರೆ ನಿಮಗೆ ಸ್ಟೀವ್ ನ್ಯಾಶ್ ಗೊತ್ತಿರಬೇಕು. ಅವರ ಬೆನ್ನಿಗೂ ಇದೇ ಇತ್ತು" ಎಂದರು.

ನ್ಯಾಶ್ ಗೊತ್ತಿಲ್ಲದೆ ಇರುತ್ತಾನೆಯೇ? ಮೈಸೂರಿನಲ್ಲಿ ತಿಂಡಿ ಹೊತ್ತಿಗೆ ಟೀವಿಯಲ್ಲಿ ಫೀನಿಕ್ಸ್ ಸನ್ಸ್ ಆಟ ಬಂದರೆ ನಾನು ಕಾಲೇಜಿಗೆ ತಡವಾಗಿಯೇ ಹೋಗುತ್ತಿದ್ದೆ. ಉದ್ದ ಕೂದಲನ್ನು ಕಿವಿ ಹಿಂದಕ್ಕೆ ತಳ್ಳಿಕೊಳ್ಳುತ್ತಿದ್ದ 6 ಅಡಿ 3 ಅಂಗುಲದ ಮನುಷ್ಯ. ಎನ್‌ಬಿಎ ಅಳತೆಯಲ್ಲಿ ಅದು ದೊಡ್ಡ ಎತ್ತರವಲ್ಲ. ಆಟದ ನಡುವೆ ಕೋಚ್ ಅವನನ್ನು ಹೊರಗೆ ಕರೆದಾಗ ಉಳಿದವರೆಲ್ಲ ಬೆಂಚಿನ ಮೇಲೆ ಕೂತರೆ, ಇವನು ಬೆಂಚಿನ ಪಕ್ಕ ನೆಲದ ಮೇಲೆ ಮಲಗಿಬಿಡುತ್ತಿದ್ದ. ಕ್ಯಾಮೆರಾ ಪ್ರತಿ ಸಲ ಅವನನ್ನು ತೋರಿಸುತ್ತಿತ್ತು. ಅದು ಅವನ ಅಭ್ಯಾಸ ಅಂತಷ್ಟೇ ಅಂದುಕೊಂಡಿದ್ದೆ. ಅದರ ಹಿಂದಿನ ಕಾರಣ ಏನು ಅಂತ ಫಿಸಿಯೋ ಅವತ್ತು ವಿವರಿಸಿದರು.

ಕೂತರೆ ಸೊಂಟದ ಮುಂಭಾಗದ ಸ್ನಾಯುಗಳು ಗಿಡ್ಡವಾಗಿ ಬಿಗಿಯುತ್ತವೆ. ಬಿಸಿಯಾಗಿದ್ದ ಮೈ ತಣ್ಣಗಾಗುತ್ತದೆ. ಮತ್ತೆ ಎದ್ದಾಗ ಆ ಬಿಗಿತ ಜಾರಿದ ಮೂಳೆಯನ್ನು ಇನ್ನಷ್ಟು ಎಳೆಯುತ್ತದೆ. ಮಲಗಿದರೆ ಬೆನ್ನಿನ ಮೇಲೆ ಭಾರ ಬೀಳುವುದಿಲ್ಲ. ನ್ಯಾಶ್ ಐದು ನಿಮಿಷ ಬೆಂಚಿನ ಮೇಲೆ ಕೂತಿದ್ದರೆ ಮುಂದಿನ ಕ್ವಾರ್ಟರಿನಲ್ಲಿ ಸೆಟೆದುಕೊಂಡೇ ಓಡಬೇಕಾಗುತ್ತಿತ್ತು. ನಾನು ಇಂಜಿನಿಯರು. ದಿನವಿಡೀ ಕುರ್ಚಿ, ಮೀಟಿಂಗ್ ಮೇಲೆ ಮೀಟಿಂಗ್. ಒಂದು ಗಂಟೆ ಕೂತು ಎದ್ದಾಗ ಸೊಂಟ ಹಿಡಿದುಕೊಂಡು ನೆಟ್ಟಗೆ ನಿಲ್ಲಲು ಹೊತ್ತು ಹಿಡಿಯುತ್ತಿತ್ತು. ಅವತ್ತಿನಿಂದ ಮೀಟಿಂಗುಗಳ ನಡುವೆ ಖಾಲಿ ರೂಮು ಹುಡುಕಿ, ಮೊಣಕಾಲು ಮಡಿಸಿ ಅಂಗಾತ ಮಲಗಲು ಶುರು ಮಾಡಿದೆ. ಯಾರಾದರೂ ಬಾಗಿಲು ತೆಗೆದರೆ ವಿಷಯ ಹೇಳುತ್ತಿದ್ದೆ. ಜನ ಅರ್ಥಮಾಡಿಕೊಂಡರು.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. "ನಿಮ್ಮ ತಾತ ಗದ್ದೆಯಿಂದ ಬಂದವರೇ ಜಗುಲಿ ಮೇಲೆ ಚಾಪೆ ಹಾಕ್ಕೊಂಡು ಮಲಗ್ತಿದ್ರಲ್ಲಪ್ಪ. ಆ ಮೆತ್ತನೆ ಹಾಸಿಗೆ ತೆಗೆದುಹಾಕು ಮೊದಲು" ಎಂದಳು. ಆಮೇಲೆ, "ದಿನಾ ಸೂರ್ಯನಮಸ್ಕಾರ ಮಾಡು, ಎಲ್ಲ ಸರಿಹೋಗುತ್ತೆ" ಎಂದಳು. ನನಗೆ ಗೊತ್ತಿರುವ ಪ್ರತಿಯೊಬ್ಬರೂ ಇದೇ ಸಲಹೆ ಕೊಟ್ಟಿದ್ದಾರೆ. ಇದೇ ತೊಂದರೆ ಇರುವವರು ಓದುತ್ತಿದ್ದರೆ ದಯವಿಟ್ಟು ಗಮನಿಸಿ: ಫಿಸಿಯೋ ನನಗೆ ಮೊದಲು ಬೇಡ ಎಂದದ್ದೇ ಬೆನ್ನನ್ನು ಹಿಂದಕ್ಕೆ ಬಾಗಿಸುವುದನ್ನು. ಭುಜಂಗಾಸನ ಬೇಡ, ಸೂರ್ಯನಮಸ್ಕಾರದಲ್ಲಿ ಹಿಂದಕ್ಕೆ ಬಾಗುವ ಹಂತ ಬೇಡ. ಹಿಂದಕ್ಕೆ ಬಾಗಿದರೆ ಬಿರುಕಿರುವ ಜಾಗದ ಮೇಲೆಯೇ ಒತ್ತಡ ಬೀಳುತ್ತದೆ. ಬೇರೆ ಬೆನ್ನುನೋವಿಗೆ ಒಳ್ಳೆಯದಾದದ್ದು ಈ ಬೆನ್ನಿಗೆ ಕೆಟ್ಟದ್ದಾಗಬಹುದು. ನಿಮ್ಮ ಎಕ್ಸ್‌ರೇ ನೋಡಿದವರನ್ನು ಕೇಳಿ, ನೆಂಟರನ್ನಲ್ಲ.

ಮೊದಲ ಹಂತದಲ್ಲಿ ಓಟವಿಲ್ಲ, ಜಿಗಿತವಿಲ್ಲ. ಅಂಗಾತ ಮಲಗಿ ಹೊಟ್ಟೆಯ ಒಳಗಿನ ಸ್ನಾಯುಗಳನ್ನು ಬಿಗಿಹಿಡಿದು ಉಸಿರಾಡುವುದು. ಸೊಂಟವನ್ನು ಮೆಲ್ಲಗೆ ನೆಲಕ್ಕೆ ಒತ್ತುವುದು. ಮಲಗಿದಲ್ಲೇ ಎದುರುಬದುರಿನ ಕೈಕಾಲನ್ನು ಚಾಚುವುದು. ಆಮೇಲೆ ಅಂಬೆಗಾಲಿನ ಭಂಗಿಯಲ್ಲಿ ಅದನ್ನೇ ಮಾಡುವುದು. ನೋಡೋಕೆ ಏನೂ ಅನ್ನಿಸುವುದಿಲ್ಲ. ಸರಿಯಾಗಿ ಮಾಡಿದರೆ ಹೊಟ್ಟೆ ನಡುಗುತ್ತದೆ. ಜಾರಿದ ಮೂಳೆಯನ್ನು ಈ ವ್ಯಾಯಾಮ ವಾಪಸ್ ತಳ್ಳುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ ಎಂದು ಅವರು ಶುರುವಿನಲ್ಲೇ ಹೇಳಿದ್ದರು. ಮೂಳೆ ಎಲ್ಲಿದೆಯೋ ಅಲ್ಲೇ ಇರುತ್ತದೆ. ಸುತ್ತಲಿನ ಸ್ನಾಯುಗಳು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಅಷ್ಟೇ.

ಇದರ ಜೊತೆಗೆ ನಡಿಗೆ. ನಾನು ಎಲ್ ಕ್ಯಾಮಿನೋ ರಸ್ತೆಯ ಕಡೆಯಿಂದ ಸಾಂಟಾ ಕ್ಲಾರಾ ವಿಶ್ವವಿದ್ಯಾಲಯದವರೆಗೆ ನಡೆಯುತ್ತಿದ್ದೆ. ಹಳೇ ಮಿಷನ್ ಚರ್ಚು, ತಾಳೆ ಮರಗಳು, ಆಚೆ ಬ್ಯಾಸ್ಕೆಟ್‌ಬಾಲ್ ನಡೆಯುವ ಲೀವಿ ಸೆಂಟರ್. ನ್ಯಾಶ್ 1992ರಿಂದ 96ರವರೆಗೆ ಓದಿದ್ದು ಇಲ್ಲೇ. ಅವನು ಆಡುವಾಗ ಆ ಕಟ್ಟಡವನ್ನು ಟೋಸೊ ಪೆವಿಲಿಯನ್ ಎನ್ನುತ್ತಿದ್ದರು. 2006ರಲ್ಲಿ ವಿಶ್ವವಿದ್ಯಾಲಯ ಅವನ 11ನೇ ನಂಬರಿನ ಜೆರ್ಸಿಯನ್ನು ಗೌರವಕ್ಕಾಗಿ ನಿವೃತ್ತಿ ಮಾಡಿತು. ಇಷ್ಟು ವರ್ಷ ಇದೇ ಊರಲ್ಲಿದ್ದೇನೆ. ಆದರೆ ಈ ಜಾಗವನ್ನು ಕಣ್ತುಂಬ ನೋಡಿದ್ದು ಬೆನ್ನು ಕೆಟ್ಟ ಮೇಲೆಯೇ.

ಆಡಲಾಗದ ಆ ತಿಂಗಳುಗಳಲ್ಲಿ ಅವನ ಆಟದ ಬದುಕನ್ನು ಮೊದಲಿಂದ ಹಿಡಿದು ನೋಡಲು ಕೂತೆ. ಕೂತೆ ಎನ್ನುವುದಕ್ಕಿಂತ, ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿದೆ ಎನ್ನಬೇಕು. ಹಳೇ ಆಟಗಳ ವಿಡಿಯೋ, ಸಂದರ್ಶನ, ಸಿಕ್ಕಿದ ಬರಹ ಎಲ್ಲ.

ಅವನು ಹುಟ್ಟಿದ್ದು 1974ರ ಫೆಬ್ರವರಿ 7ರಂದು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ. ಅಪ್ಪ ಇಂಗ್ಲೆಂಡಿನವರು, ಅಮ್ಮ ವೇಲ್ಸ್‌ನವರು. ವರ್ಣಭೇದದ ನಾಡಿನಲ್ಲಿ ಮಗನನ್ನು ಬೆಳೆಸುವುದು ಬೇಡವೆಂದು ಅವರು ಕೆನಡಾಕ್ಕೆ ಹೋದರು. ಕೊನೆಗೆ ನೆಲೆಸಿದ್ದು ಪಶ್ಚಿಮ ಕರಾವಳಿಯ ವಿಕ್ಟೋರಿಯಾದಲ್ಲಿ. ಅಪ್ಪ ಫುಟ್‌ಬಾಲ್ ಆಟಗಾರ. ತಮ್ಮ ಮಾರ್ಟಿನ್ ಮುಂದೆ ಕೆನಡಾ ಫುಟ್‌ಬಾಲ್ ತಂಡಕ್ಕೆ ಆಡಿದ. ಸ್ಟೀವ್ ಕೂಡ ಫುಟ್‌ಬಾಲ್ ಮತ್ತು ಐಸ್ ಹಾಕಿ ಆಡಿಕೊಂಡೇ ಬೆಳೆದವನು. ಬ್ಯಾಸ್ಕೆಟ್‌ಬಾಲ್ ಕೈಗೆ ಬಂದಿದ್ದು ಹನ್ನೆರಡು ಹದಿಮೂರರ ಹೊತ್ತಿಗೆ. ಅವನ ಪಾಸುಗಳಲ್ಲಿ ಫುಟ್‌ಬಾಲ್ ಇದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಆಟಗಾರ ಇರುವ ಜಾಗಕ್ಕಲ್ಲ, ಅವನು ಬರಲಿರುವ ಜಾಗಕ್ಕೆ ಚೆಂಡು ಹೋಗುತ್ತದೆ.

ಶಾಲೆಯ ಕೋಚ್ ಅಮೆರಿಕದ 30ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿಗೆ ಅವನ ಪರವಾಗಿ ಕಾಗದ ಬರೆದರು. ಸ್ಕಾಲರ್‌ಶಿಪ್ ಕೊಡಲು ಮುಂದೆ ಬಂದದ್ದು ಒಂದೇ ಒಂದು, ಸಾಂಟಾ ಕ್ಲಾರಾ. ಡಿಕ್ ಡೇವಿ ಎಂಬ ಕೋಚ್ ಬಂದು ನೋಡಿ ಕರೆದುಕೊಂಡರು. ಹುಡುಗನ ಡಿಫೆನ್ಸ್ ಬಗ್ಗೆ ಮಾತ್ರ ಅವರು ಮುಲಾಜಿಲ್ಲದೆ ಬೈದಿದ್ದರಂತೆ. 1993ರಲ್ಲಿ, ಮೊದಲ ವರ್ಷದಲ್ಲೇ, ಕಾಲೇಜುಗಳ ರಾಷ್ಟ್ರೀಯ ಟೂರ್ನಿಗೆ ತಂಡ ಹೋಯಿತು. 15ನೇ ಶ್ರೇಯಾಂಕದ ಸಾಂಟಾ ಕ್ಲಾರಾ 2ನೇ ಶ್ರೇಯಾಂಕದ ಅರಿಜೋನಾವನ್ನು 64-61ರಲ್ಲಿ ಸೋಲಿಸಿತು. ಕೊನೆಯ ಅರ್ಧ ನಿಮಿಷದಲ್ಲಿ ನ್ಯಾಶ್ ಸಾಲಾಗಿ 6 ಫ್ರೀ ಥ್ರೋ (ಫೌಲ್ ಆದಾಗ ಗೆರೆಯಿಂದ ಯಾರೂ ತಡೆಯದೆ ಹಾಕುವ ಶಾಟ್) ಹಾಕಿದ. ಹತ್ತೊಂಬತ್ತರ ಹುಡುಗ! ಆ ವಿಡಿಯೋ ನೋಡುವಾಗ ಫಲಿತಾಂಶ ಗೊತ್ತಿದ್ದೂ ನನ್ನ ಅಂಗೈ ಬೆವರುತ್ತದೆ.

ಕ್ಯಾಂಪಸ್ಸಿನಲ್ಲಿ ಕ್ಲಾಸಿನಿಂದ ಕ್ಲಾಸಿಗೆ ಹೋಗುವಾಗ ಅವನು ಟೆನಿಸ್ ಚೆಂಡನ್ನು ಡ್ರಿಬಲ್ ಮಾಡಿಕೊಂಡು ಹೋಗುತ್ತಿದ್ದ ಎನ್ನುವುದು ಈ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಫಿಸಿಯೋ ಒಪ್ಪಿದ ಮೇಲೆ ನಾನೂ ನಡೆಯುವಾಗ ಒಂದು ಟೆನಿಸ್ ಚೆಂಡು ಜೇಬಿಗೆ ಹಾಕಿಕೊಂಡೆ. ದೊಡ್ಡ ಚೆಂಡನ್ನು ಅಂಗೈಯಿಂದ ಹೊಡೆದರೂ ಅದು ವಾಪಸ್ ಬರುತ್ತದೆ. ಟೆನಿಸ್ ಚೆಂಡು ಹಾಗಲ್ಲ. ಬೆರಳ ತುದಿಯಿಂದಲೇ ತಳ್ಳಬೇಕು, ಬೆರಳ ತುದಿಯಲ್ಲೇ ಹಿಡಿಯಬೇಕು, ಕಣ್ಣು ದಾರಿಯ ಮೇಲಿರಬೇಕು. ಮೊದಮೊದಲು ಅದು ಪೊದೆಗೆ ಹಾರಿ ಹೋಗುತ್ತಿತ್ತು. ಬಗ್ಗಿ ಎತ್ತಿಕೊಳ್ಳುವಾಗ ಬೆನ್ನು ನೆಟ್ಟಗಿಟ್ಟು ಮೊಣಕಾಲು ಮಡಿಸಬೇಕಿತ್ತು, ಅದೂ ಒಂದು ವ್ಯಾಯಾಮವೇ ಆಯಿತು. ಕೆಲವು ವಾರಗಳಲ್ಲಿ ಎಡಗೈ ಬದಲಾಯಿತು. ಕಾಲೇಜಿನಲ್ಲಿ ಆಡುವಾಗಲೂ ನನ್ನ ಎಡಗೈ ಇಷ್ಟು ಚುರುಕಾಗಿರಲಿಲ್ಲ.

ಎನ್‌ಬಿಎಗೆ ಬಂದ ಮೇಲೂ ಅವನ ದಾರಿ ಸುಲಭವಿರಲಿಲ್ಲ. 1996ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ಫೀನಿಕ್ಸ್ ಅವನನ್ನು 15ನೆಯವನಾಗಿ ಆರಿಸಿಕೊಂಡಿತು. ಅಲೆನ್ ಐವರ್ಸನ್, ಕೋಬಿ ಬ್ರಯಂಟ್, ರೇ ಆಲನ್ ಬಂದ ಡ್ರಾಫ್ಟ್ ಅದು. ಹೆಸರೇ ಕೇಳದ ಕೆನಡಾದ ಹುಡುಗ ಯಾಕೆ ಎಂದು ಫೀನಿಕ್ಸಿನ ಅಭಿಮಾನಿಗಳು ಕೂಗಿ ಹಂಗಿಸಿದರು. ಅವನ ಮುಂದೆ ಕೆವಿನ್ ಜಾನ್ಸನ್ ಇದ್ದ, ಆಮೇಲೆ ಜೇಸನ್ ಕಿಡ್ ಬಂದ. ಆಡಲು ಸಿಗುತ್ತಿದ್ದದ್ದು ಕೆಲವೇ ನಿಮಿಷ. 1998ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್‌ಗೆ ಹೋದ. ಅಲ್ಲಿ ಮೊದಲ ಸೀಸನ್ನಿನಲ್ಲಿ ಪೆಟ್ಟುಗಳ ಜೊತೆಗೇ ಆಡಿದ, ಶಾಟ್‌ಗಳು ಬೀಳಲಿಲ್ಲ. ಡಲ್ಲಾಸಿನ ತವರು ಜನವೂ ಹಂಗಿಸಿದರು. ಎರಡೆರಡು ಊರಿನಲ್ಲಿ ಬೈಸಿಕೊಂಡವನು ಡರ್ಕ್ ನೊವಿಟ್ಸ್ಕಿ ಮತ್ತು ಮೈಕಲ್ ಫಿನ್ಲಿ ಜೊತೆ ಸೇರಿ ಆ ತಂಡವನ್ನು ಮೇಲೆತ್ತಿದ. 2002ರಲ್ಲಿ ಮೊದಲ ಸಲ ಆಲ್‌ಸ್ಟಾರ್ ಆದ, ಅಂದರೆ ಲೀಗಿನ ಅತ್ಯುತ್ತಮರ ಪಂದ್ಯಕ್ಕೆ ಆಯ್ಕೆಯಾದ. ಆಗ ಅವನಿಗೆ 28.

ನನಗೆ ಜಾಸ್ತಿ ಧೈರ್ಯ ಕೊಟ್ಟಿದ್ದು 2004ರ ಕತೆ. ಡಲ್ಲಾಸ್‌ನ ಒಡೆಯ ಮಾರ್ಕ್ ಕ್ಯೂಬನ್ ಅವನಿಗೆ ದೀರ್ಘ ಒಪ್ಪಂದ ಕೊಡಲು ಹಿಂದೆಗೆದರು. ವಯಸ್ಸು ಮೂವತ್ತು, ಈ ಮೈ ಇನ್ನೆಷ್ಟು ವರ್ಷ ತಡೆದೀತು ಎಂಬ ಅನುಮಾನ. ಫೀನಿಕ್ಸ್ 6 ಕೋಟಿಗೂ ಹೆಚ್ಚು ಡಾಲರ್ ಕೊಟ್ಟು 6 ವರ್ಷಕ್ಕೆ ವಾಪಸ್ ಕರೆಯಿತು. ಹಿಂದಿನ ವರ್ಷ 29 ಪಂದ್ಯ ಗೆದ್ದಿದ್ದ ತಂಡ ಆ ವರ್ಷ 62 ಗೆದ್ದಿತು. ನ್ಯಾಶ್ ಎಂವಿಪಿ ಆದ. ಪ್ಲೇಆಫ್‌ನಲ್ಲಿ (ಲೀಗ್ ಪಂದ್ಯಗಳ ನಂತರದ ನಾಕೌಟ್ ಸರಣಿಗಳು) ಎದುರಾದದ್ದು ಅದೇ ಡಲ್ಲಾಸ್! 4-2ರಲ್ಲಿ ಸೋಲಿಸಿದರು. ಆರನೇ ಪಂದ್ಯದಲ್ಲಿ ಕೊನೆಗಳಿಗೆಯ ಮೂರು ಪಾಯಿಂಟಿನ ಶಾಟ್‌ನಿಂದ ಆಟವನ್ನು ಓವರ್‌ಟೈಮಿಗೆ ಎಳೆದವನೂ ಅವನೇ. ಅವತ್ತು ಅವನು ಹಾಕಿದ್ದು 39 ಪಾಯಿಂಟು. ಮರುವರ್ಷ ಮತ್ತೆ ಎಂವಿಪಿ. ಆ ಗೌರವ ಪಡೆದ ಮೊದಲ ಕೆನಡಾದವನು.

ಮೂವತ್ತಕ್ಕೆ ಮುಗಿಯಿತು ಅಂದುಕೊಂಡ ಮೈ ಆಮೇಲೆ ಹೀಗೆ ಆಡಿದ್ದು ಹೇಗೆ? ನ್ಯಾಶ್ ಅಂದರೆ ಪಾಸು ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಆ ಪಾಸಿನ ಹಿಂದೆ ದಿನಾ ನಡೆಯುತ್ತಿದ್ದ ಬೆನ್ನಿನ ಚಾಕರಿ ನನಗೆ ಈಗ ಕಾಣುತ್ತದೆ. ವ್ಯಾಂಕೂವರಿನ ಫಿಸಿಯೋಥೆರಪಿಸ್ಟ್ ರಿಕ್ ಸೆಲೆಬ್ರಿನಿ ಜೊತೆ ಅವನು ವರ್ಷಗಟ್ಟಲೆ ಕೆಲಸ ಮಾಡಿದ. (ಸೆಲೆಬ್ರಿನಿ 2018ರಿಂದ ನಮ್ಮ ಪಕ್ಕದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದಲ್ಲಿದ್ದಾರೆ.) ಫೀನಿಕ್ಸಿನ ವೈದ್ಯಕೀಯ ತಂಡಕ್ಕೂ ಲೀಗಿನಲ್ಲಿ ದೊಡ್ಡ ಹೆಸರಿತ್ತು. ಪಂದ್ಯಕ್ಕೆ ಮುಂಚೆ ಗಂಟೆಗಟ್ಟಲೆ ತಯಾರಿ, ಊಟದಲ್ಲಿ ಸಕ್ಕರೆ ಬಿಟ್ಟದ್ದು, ಆಟದ ನಡುವೆ ನೆಲಕ್ಕೆ ಮಲಗುವುದು, ಎಲ್ಲ ಸೇರಿ ಒಂದೇ ಕೆಲಸ. ಆಟ ಶುರುವಾಗುವ ಹೊತ್ತಿಗೆ ಅವನ ಅರ್ಧ ದಿನದ ದುಡಿಮೆ ಮುಗಿದಿರುತ್ತಿತ್ತು.

ಆಟದ ರೀತಿಯೂ ಬೆನ್ನಿಗೆ ಹೊಂದುವಂತೆಯೇ ಇತ್ತು. ಇದು ಅರ್ಥವಾದದ್ದು ನಾನು ಮತ್ತೆ ಕೋರ್ಟಿಗೆ ಇಳಿದಾಗ. ಫಿಸಿಯೋ ಎರಡನೇ ಹಂತದಲ್ಲಿ ಅರ್ಧ ವೇಗದ ಆಟಕ್ಕೆ ಒಪ್ಪಿದರು. ಷರತ್ತು ಒಂದೇ, ಎತ್ತರಕ್ಕೆ ಜಿಗಿಯಬಾರದು. ಜಿಗಿಯದೆ ಗಾರ್ಡ್ ಏನು ಮಾಡಬಹುದು ಅಂತ ನ್ಯಾಶ್‌ನ ವಿಡಿಯೋಗಳಲ್ಲಿ ಹುಡುಕಿದೆ. ಹುಡುಕಿದಷ್ಟೂ ಸಿಕ್ಕಿತು.

ಪಿಕ್ ಅಂಡ್ ರೋಲ್ ನೋಡಿ. ಎತ್ತರದ ಆಟಗಾರ ಅಮಾರೆ ಸ್ಟೌಡಮೈರ್ ಬಂದು ನ್ಯಾಶ್‌ನ ಬೆನ್ನುಹತ್ತಿದ ಡಿಫೆಂಡರ್‌ಗೆ ಅಡ್ಡ ನಿಲ್ಲುತ್ತಾನೆ, ಇದೇ ಪಿಕ್. ನ್ಯಾಶ್ ಅವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಿಂದ ತಿರುಗುತ್ತಾನೆ. ಈಗ ಎದುರಾಳಿಯ ಎತ್ತರದವನು ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು. ನ್ಯಾಶ್ ಅವಸರ ಮಾಡುವುದಿಲ್ಲ. ಸ್ವಲ್ಪ ನಿಧಾನಿಸುತ್ತಾನೆ, ತನ್ನ ಡಿಫೆಂಡರನ್ನು ಬೆನ್ನ ಹಿಂದೆಯೇ ಇಟ್ಟುಕೊಳ್ಳುತ್ತಾನೆ, ಎದುರಿನವನು ಒಂದು ಹೆಜ್ಜೆ ಇಡುವವರೆಗೆ ಕಾಯುತ್ತಾನೆ. ಅವನು ಮುಂದೆ ಬಂದರೆ ಪಾಸು, ಹಿಂದೆ ಸರಿದರೆ ಶಾಟ್. ಎರಡೂ ಆಗದಿದ್ದರೆ? ಬಹಳ ಗಾರ್ಡ್‌ಗಳು ಅಲ್ಲಿ ಚೆಂಡನ್ನು ಕೈಗೆತ್ತಿಕೊಂಡು ಸಿಕ್ಕಿಹಾಕಿಕೊಳ್ಳುತ್ತಾರೆ. ನ್ಯಾಶ್ ಡ್ರಿಬಲ್ ನಿಲ್ಲಿಸದೆ ರಿಂಗಿನ ಕೆಳಗಿಂದ ಸುತ್ತಿ ಆ ಕಡೆಯಿಂದ ಹೊರಬರುತ್ತಾನೆ. ಅಷ್ಟರಲ್ಲಿ ಡಿಫೆನ್ಸ್ ಚದುರಿ ಯಾರೋ ಒಬ್ಬ ಮೂಲೆಯಲ್ಲಿ ಖಾಲಿ ನಿಂತಿರುತ್ತಾನೆ. ಇಡೀ ಆಟದಲ್ಲಿ ಒಂದು ದೊಡ್ಡ ಜಿಗಿತವಿಲ್ಲ!

ಲೇ-ಅಪ್, ಅಂದರೆ ರಿಂಗಿನ ಹತ್ತಿರ ಓಡಿಹೋಗಿ ಚೆಂಡು ಹಾಕುವುದು ಕೂಡ ಹಾಗೇ. ಎಲ್ಲರೂ ನಿರೀಕ್ಷಿಸುವ ಕಾಲಿನಿಂದ ಅಲ್ಲ, ಇನ್ನೊಂದು ಕಾಲಿನಿಂದ, ಒಂದು ಹೆಜ್ಜೆ ಮೊದಲೇ ಚೆಂಡನ್ನು ಬಿಟ್ಟುಬಿಡುತ್ತಿದ್ದ. ತಡೆಯುವವನು ಇನ್ನೂ ಮೊಣಕಾಲು ಮಡಿಸುತ್ತಿರುವಾಗಲೇ ಚೆಂಡು ಬೋರ್ಡಿಗೆ ತಾಗಿರುತ್ತಿತ್ತು. ಪಾಸು ಕೊಡಲು ಎರಡು ಕೈ ಸೇರಿಸುತ್ತಿರಲಿಲ್ಲ, ಡ್ರಿಬಲ್‌ನಿಂದ ನೇರ ಒಂದೇ ಕೈಯಲ್ಲಿ. ಇವನ್ನು ನಾನು ಒಂದೊಂದಾಗಿ ಅರ್ಧ ವೇಗದಲ್ಲಿ ಕಲಿತೆ. ಮೊದಲಿನಿಂದ ನನ್ನ ಆಟವೆಲ್ಲ ವೇಗ ಮತ್ತು ಜಿಗಿತದ ಮೇಲೆ ನಿಂತಿತ್ತು. ಈಗ ನಿಧಾನದಲ್ಲಿ ಎಷ್ಟು ಜಾಗ ಇದೆ ಅಂತ ಕಾಣತೊಡಗಿತು. ಬೆನ್ನು ಹೀಗಾಗದಿದ್ದರೆ ನಾನು ಇದನ್ನು ಕಲಿಯುತ್ತಲೇ ಇರಲಿಲ್ಲ.

ಇನ್ನು ಫ್ರೀ ಥ್ರೋ. ನನಗೆ ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು. ನ್ಯಾಶ್ ಗೆರೆಯ ಮೇಲೆ ನಿಂತು, ರೆಫರಿ ಚೆಂಡು ಕೊಡುವ ಮೊದಲೇ, ಖಾಲಿ ಕೈಯಲ್ಲಿ ಶಾಟ್ ಹೊಡೆಯುತ್ತಿದ್ದ. ಕಣ್ಣು ರಿಂಗಿನ ಮೇಲೆ, ಮೊಣಕಾಲು ಮಡಿಸಿ, ಮೊಣಕೈ ಎತ್ತಿ, ಮಣಿಕಟ್ಟು ಬಿಟ್ಟು, ಚೆಂಡಿಲ್ಲದ ಶಾಟ್. ಆಮೇಲೆ ಚೆಂಡು ತೆಗೆದುಕೊಂಡು ಅದನ್ನೇ ಮಾಡುತ್ತಿದ್ದ. ಇಡೀ ಎನ್‌ಬಿಎ ಬದುಕಿನಲ್ಲಿ ಅವನ ಫ್ರೀ ಥ್ರೋ ಸರಾಸರಿ ಶೇ. 90.4. ನಿವೃತ್ತನಾದಾಗ ಲೀಗಿನ ಇತಿಹಾಸದಲ್ಲೇ ಅದು ಅತಿ ಹೆಚ್ಚು. ಸ್ಟೆಫ್ ಕರಿ ಆಮೇಲೆ ಅದನ್ನು ದಾಟಿದ.

ಫಿಸಿಯೋ ಮನೆಯಲ್ಲಿ ಕನ್ನಡಿ ಮುಂದೆ ಇದನ್ನು ಮಾಡಿಸಿದರು. ಚೆಂಡಿಲ್ಲದಾಗ ಮೈ ಏನು ಮಾಡುತ್ತಿದೆ ಎನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ನಾನು ಶಾಟ್ ಬಿಡುವಾಗ ಸೊಂಟವನ್ನು ಮುಂದಕ್ಕೆ ತಳ್ಳಿ ಬೆನ್ನನ್ನು ಹಿಂದಕ್ಕೆ ಬಾಗಿಸುತ್ತಿದ್ದೆ. ವರ್ಷಗಳಿಂದ ಪ್ರತಿ ಶಾಟ್‌ನಲ್ಲೂ ಆ ಬಿರುಕಿನ ಮೇಲೆ ಒಂದೊಂದು ಒತ್ತು. ಪಕ್ಕೆಲುಬು ಕೆಳಗಿಟ್ಟು, ಹೊಟ್ಟೆ ಬಿಗಿಹಿಡಿದು, ಬಲವನ್ನು ಕಾಲಿನಿಂದ ತರುವ ಹಾಗೆ ಶಾಟನ್ನೇ ಹೊಸದಾಗಿ ಕಟ್ಟಿಕೊಂಡೆ. ಮನೆ ಹತ್ತಿರದ ಪಾರ್ಕಿನಲ್ಲಿ ಬೆಳಿಗ್ಗೆ ಯಾರೂ ಬರುವ ಮೊದಲು, ಒಂದು ಖಾಲಿ ಶಾಟ್, ಒಂದು ಚೆಂಡಿನ ಶಾಟ್. ಗೆರೆಯಿಂದ ಬೋರ್ಡಿಗೆ 15 ಅಡಿ, ರಿಂಗಿನ ಎತ್ತರ 10 ಅಡಿ. ಮೈಸೂರಿನಲ್ಲೂ ಅಷ್ಟೇ, ಫೀನಿಕ್ಸಿನಲ್ಲೂ ಅಷ್ಟೇ. ನೋವಿಲ್ಲದೆ ಚೆಂಡು ನೆಟ್ಟಿನೊಳಗೆ ಸದ್ದು ಮಾಡಿಕೊಂಡು ಇಳಿದಾಗ ಕಣ್ಣಲ್ಲಿ ನೀರು ಬಂತು.

ಶೂಟಿಂಗ್ ವಿಷಯ ಬಂದಾಗ ಇನ್ನೊಂದು ಹೇಳಲೇಬೇಕು. ಒಂದು ಸೀಸನ್ನಿನಲ್ಲಿ ಒಟ್ಟು ಶಾಟ್‌ಗಳಲ್ಲಿ ಶೇ. 50, ಮೂರು ಪಾಯಿಂಟಿನ ಶಾಟ್‌ಗಳಲ್ಲಿ ಶೇ. 40, ಫ್ರೀ ಥ್ರೋಗಳಲ್ಲಿ ಶೇ. 90 ದಾಟುವುದು ಬಹಳ ಅಪರೂಪ. ನ್ಯಾಶ್ ಅದನ್ನು ನಾಲ್ಕು ಸಲ ಮಾಡಿದ. ಮೊದಲನೆಯದು 2005-06ರಲ್ಲಿ: 51.2, 43.9, 92.1. ಮರುವರ್ಷ ಮೊದಲೆರಡನ್ನು ಇನ್ನೂ ಮೇಲಕ್ಕೆ ಒಯ್ದ, ಫ್ರೀ ಥ್ರೋ ಮಾತ್ರ 89.9ಕ್ಕೆ ನಿಂತಿತು. ಆ ಕೂದಲೆಳೆ ಸಿಕ್ಕಿದ್ದರೆ ಸತತ ಐದು ವರ್ಷ ಆಗುತ್ತಿತ್ತು. ನಾಲ್ಕರಲ್ಲಿ ಮೂರು ಬಂದದ್ದು ಅವನು 33 ದಾಟಿದ ಮೇಲೆ.

2007ರ ಬಗ್ಗೆ ಬರೆಯುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಸ್ಯಾನ್ ಆಂಟೋನಿಯೊ ಸ್ಪರ್ಸ್ ವಿರುದ್ಧದ ಸರಣಿ. ಮೊದಲ ಪಂದ್ಯದಲ್ಲಿ ಟೋನಿ ಪಾರ್ಕರ್‌ಗೆ ಡಿಕ್ಕಿಯಾಗಿ ಮೂಗು ಒಡೆಯಿತು. ರಕ್ತ ನಿಲ್ಲಲಿಲ್ಲ, ಆಟದ ಕೊನೆಯ ಅತಿ ಮುಖ್ಯ ಗಳಿಗೆಯಲ್ಲಿ ಹೊರಗೆ ಕೂರಬೇಕಾಯಿತು. ನಾಲ್ಕನೇ ಪಂದ್ಯ ಫೀನಿಕ್ಸ್ ಗೆದ್ದಿತು. ಆದರೆ ಅದರ ಕೊನೆಯಲ್ಲಿ ರಾಬರ್ಟ್ ಹಾರಿ ಸೊಂಟದಿಂದ ಗುದ್ದಿ ನ್ಯಾಶ್‌ನನ್ನು ಸ್ಕೋರರ್ ಟೇಬಲ್ಲಿಗೆ ಎಸೆದ. ಅದನ್ನು ಕಂಡು ಬೆಂಚಿನಿಂದ ಎದ್ದು ಬಂದ ಸ್ಟೌಡಮೈರ್ ಮತ್ತು ಬೋರಿಸ್ ಡಿಯಾವ್‌ಗೆ ಲೀಗ್ ಒಂದು ಪಂದ್ಯದ ನಿಷೇಧ ಹಾಕಿತು. ಹಾರಿಗೂ ಎರಡು ಪಂದ್ಯದ ನಿಷೇಧ ಬಿತ್ತು, ಸರಿ. ಆದರೆ ಪೆಟ್ಟು ತಿಂದ ತಂಡವೇ ತನ್ನ ಮುಖ್ಯ ಆಟಗಾರರಿಲ್ಲದೆ ಐದನೇ ಪಂದ್ಯ ಆಡಬೇಕಾಯಿತು. ಸೋತಿದ್ದು ಮೂರೇ ಪಾಯಿಂಟಿನಿಂದ, 88-85. ಸರಣಿಯೂ ಹೋಯಿತು. ನಿಯಮ ನಿಯಮವೇ ಎನ್ನುವವರ ಜೊತೆ ನಾನು ಎಷ್ಟೋ ಸಲ ವಾದ ಮಾಡಿದ್ದೇನೆ, ಮುಂದೆಯೂ ಮಾಡುತ್ತೇನೆ.

2010ರಲ್ಲಿ ಅದೇ ಸ್ಪರ್ಸ್ ತಂಡವನ್ನು 4-0ಯಿಂದ ಸೋಲಿಸಿದರು. ನಾಲ್ಕನೇ ಪಂದ್ಯದಲ್ಲಿ ಟಿಮ್ ಡಂಕನ್‌ನ ಮೊಣಕೈ ತಾಗಿ ನ್ಯಾಶ್‌ನ ಬಲಗಣ್ಣಿಗೆ 6 ಹೊಲಿಗೆ ಬಿತ್ತು. ಕಣ್ಣು ಊದಿ ಮುಚ್ಚಿಹೋಯಿತು, ಆದರೂ ಒಂದೇ ಕಣ್ಣಿನಲ್ಲಿ ಆಟ ಮುಗಿಸಿದ. ಮುಂದಿನ ಸುತ್ತಿನಲ್ಲಿ ಲೇಕರ್ಸ್ ಎದುರು 4-2ರಲ್ಲಿ ಸೋಲಾಯಿತು. ಅವನು ಎನ್‌ಬಿಎ ಫೈನಲ್ ಆಡಲೇ ಇಲ್ಲ. ಚಾಂಪಿಯನ್ನರಿಗೆ ಸಿಗುವ ಉಂಗುರ ಗೆಲ್ಲದ್ದಕ್ಕೆ ಅವನನ್ನು ಒಂದು ಮೆಟ್ಟಿಲು ಕೆಳಗಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ.

2012ರಲ್ಲಿ ಅವನು ಲೇಕರ್ಸ್ ಸೇರಿದ. ಆ ಭಾಗವನ್ನು ನಾನು ನೋಡುವ ಹೊತ್ತಿಗೆ ನನ್ನ ಚಿಕಿತ್ಸೆಯೂ ಕಷ್ಟದ ಹಂತದಲ್ಲಿತ್ತು. ಪೂರ್ತಿ ವೇಗಕ್ಕೆ ಹೋದ ವಾರವೇ ಕಾಲಿನ ನೋವು ವಾಪಸ್ ಬಂತು. ಫಿಸಿಯೋ ಗಾಬರಿಯಾಗಲಿಲ್ಲ. ಭಾರ ಇಳಿಸಿದರು, ತೊಡೆಯ ಹಿಂದಿನ ಸ್ನಾಯುಗಳ ಕೆಲಸ ಹೆಚ್ಚಿಸಿದರು, ಹಿಂದಿನ ಹಂತಕ್ಕೆ ಕರೆದುಕೊಂಡು ಹೋದರು. ನ್ಯಾಶ್‌ಗೂ ಹಾಗೇ ಆಗಿತ್ತು. ಲೇಕರ್ಸ್ ಪರ ಎರಡನೇ ಪಂದ್ಯದಲ್ಲೇ ಡೇಮಿಯನ್ ಲಿಲಾರ್ಡ್‌ಗೆ ಡಿಕ್ಕಿಯಾಗಿ ಎಡಗಾಲಿನ ಮೂಳೆ ಮುರಿಯಿತು. ಮೂಳೆ ಕೂಡಿಕೊಂಡರೂ ನರದ ತೊಂದರೆ ಬಿಡಲಿಲ್ಲ, ಬೆನ್ನು ಮತ್ತು ಕಾಲು ಜೊತೆಯಾಗಿ ಕಾಡಿದವು. ಆದರೂ 2014ರ ಫೆಬ್ರವರಿ 7ರಂದು, ತನ್ನ 40ನೇ ಹುಟ್ಟುಹಬ್ಬದ ದಿನ, ಫಿಲಡೆಲ್ಫಿಯಾದಲ್ಲಿ 19 ಪಾಯಿಂಟು ಹಾಕಿದ. ನನಗೆ ಅವನ ಎರಡು ಎಂವಿಪಿಗಿಂತ ಆ ರಾತ್ರಿಯ ಆಟವೇ ಇಷ್ಟ. ಅದೇ ಏಪ್ರಿಲಿನಲ್ಲಿ ಮಾರ್ಕ್ ಜಾಕ್ಸನ್‌ನ 10,334 ಅಸಿಸ್ಟ್‌ಗಳನ್ನು ಒಂದರಿಂದ ದಾಟಿ ಆಗಿನ ಪಟ್ಟಿಯಲ್ಲಿ ಮೂರನೆಯವನಾದ. ಮುಂದಿನ ಸೀಸನ್ ಬೆನ್ನು ಆಡಲು ಬಿಡಲಿಲ್ಲ. 2015ರ ಮಾರ್ಚ್ 21ರಂದು ನಿವೃತ್ತಿ ಹೇಳಿದ. 2018ರಲ್ಲಿ ಜೇಸನ್ ಕಿಡ್, ಗ್ರಾಂಟ್ ಹಿಲ್, ರೇ ಆಲನ್ ಜೊತೆ ಹಾಲ್ ಆಫ್ ಫೇಮ್ ಸೇರಿದ. ಬ್ರೂಕ್ಲಿನ್ ನೆಟ್ಸ್ ಕೋಚ್ ಆಗಿದ್ದ ಎರಡು ವರ್ಷಗಳ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ, ನನ್ನ ಮಟ್ಟಿಗೆ ಅವನು ಆಟಗಾರ.

ನನ್ನ ಕಡೆಯ ಕತೆ ಇಷ್ಟು. ಈಗ ಪೂರ್ತಿ ಪಂದ್ಯ ಆಡುತ್ತೇನೆ. ಆಟಕ್ಕೆ ಬಹಳ ಮುಂಚೆ ಹೋಗಿ ಚಾಪೆ ಹಾಸಿ ವ್ಯಾಯಾಮ ಮುಗಿಸುತ್ತೇನೆ. ಅದಿಲ್ಲದೆ ಕೋರ್ಟಿಗೆ ಇಳಿಯುವುದಿಲ್ಲ, ಜೊತೆಯವರು ಎಷ್ಟೇ ಅವಸರ ಮಾಡಿದರೂ ಸರಿ. ರೀಬೌಂಡಿಗೆ (ರಿಂಗಿಗೆ ಬಡಿದು ಬರುವ ಚೆಂಡಿಗೆ) ಜಿಗಿಯುವುದನ್ನು ಹುಡುಗರಿಗೆ ಬಿಟ್ಟಿದ್ದೇನೆ. ಹಿಂದಿನ ಸಲದ ಎಕ್ಸ್‌ರೇಯಲ್ಲಿ ಮೂಳೆ ಮುಂಚೆ ಇದ್ದಲ್ಲೇ ಇತ್ತು, ಹೆಚ್ಚು ಜಾರಿಲ್ಲ. ಕಾಲು ಜೋಮು ಹಿಡಿದರೆ, ಪಾದ ಎತ್ತಲು ಆಗದಿದ್ದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಬರಬೇಕು ಎಂದು ಫಿಸಿಯೋ ಬರೆದುಕೊಟ್ಟ ಚೀಟಿ ಫ್ರಿಜ್ಜಿನ ಮೇಲಿದೆ. ಈ ತೊಂದರೆ ಇರುವ ಎಲ್ಲರೂ ಅದನ್ನು ತಿಳಿದಿರಬೇಕು.

ಕೊನೆಯ ಸಲ ಫಿಸಿಯೋ ಹತ್ತಿರ ಹೋದಾಗ ಎಡ ಸೊಂಟ ಇನ್ನೂ ಸ್ವಲ್ಪ ದುರ್ಬಲ ಎಂದು ಒಂದು ಹೊಸ ವ್ಯಾಯಾಮ ಸೇರಿಸಿದರು. ಒಂಟಿಕಾಲಲ್ಲಿ ನಿಂತು ಗೋಡೆಗೆ ಚೆಂಡು ಎಸೆದು ಹಿಡಿಯುವುದು. ಈ ಶನಿವಾರದ ಎದುರು ತಂಡದಲ್ಲಿ ಇಪ್ಪತ್ತೈದರ ಒಬ್ಬ ಗಾರ್ಡ್ ಇದ್ದಾನೆ, ಬಹಳ ವೇಗ. ಆದರೆ ಪಿಕ್ ಬಂದಾಗ ಪ್ರತಿ ಸಲ ಬಲಕ್ಕೇ ನೋಡುತ್ತಾನೆ. ನಾನು ಎಡಗೈ ಪಾಸು ಅಭ್ಯಾಸ ಮಾಡುತ್ತಿದ್ದೇನೆ.